ತಡ ಮಾಡುವ ಕೋಲು

ಮೊದಲು ಸಿಕ್ಕಿದ್ದು ಮೀನು. ಮರದ್ದು.
ಸಾಂಕವಾಳದ ಗಜನಿಗೆ ಉಪ್ಪುನೀರು ತಡೆಯುವ ಹಲಗೆಬಾಗಿಲು,
ಇಲ್ಲಿಯವರು ಅದಕ್ಕೆ ಮಾನಸ ಅನ್ನುತ್ತಾರೆ.
ಅದರಾಚೆ, ಕಾಂಡ್ಲಾ ಬೇರಿನ ಗೋಜಲಿನಲ್ಲಿ, ಇಳಿತದ ಹೊತ್ತಿಗೆ
ಕೆಂಪು ತಲೆ, ಬಿಳಿ ಮೈ, ಬಟ್ಟಲಿನಂತೆ ಕೊರೆದ ಬಾಯಿ.
ಯಾರೋ ಎಸೆದು, ಎಳೆದು, ಬೈದು, ಬಿಟ್ಟುಹೋದ ಪಾಪರ್.
ಕೊಕ್ಕೆಗೆ ತುಕ್ಕು. ಒಂದು ಕಣ್ಣು ಉದುರಿತ್ತು.
ಜೇಬಿಗಿಟ್ಟರೆ ತೊಡೆಗೆ ಚುಚ್ಚಿತು.
ಜೀವ ಇದೆ ಅಂದುಕೊಂಡೆ.

ಅಳಿಯ ಫಕೀರಪ್ಪನ ಕೋಲು ಕೇಳಿ ತಂದೆ.
ಎಂಟಡಿ, ಸೀಸ ಕಟ್ಟಿ ಸಮುದ್ರಕ್ಕೆ ಬೀಸುವಂಥದು, ಪೊಲೀಸನ ಲಾಠಿಯಷ್ಟು ನೆಟ್ಟಗೆ.
ಮೂರು ಸಂಜೆ, ಮೂರು ಸಲ
ನೀರು ಒಡೆಯಿತು, ನಾನು ಎಳೆದೆ,
ಮರದ ಮೀನು ನನ್ನ ಕಿವಿಯ ಪಕ್ಕದಿಂದ ಹಾರಿಹೋಯಿತು.

ವಾಸ್ಕೋದ ಮೀನು ಮಾರ್ಕೆಟ್ಟಿನ ಹಿಂದೆ ಇನಾಸ್ ಬಾಬನ ಅಂಗಡಿ,
ಅರ್ಧ ಹಾರ್ಡ್‌ವೇರು, ಅರ್ಧ ಗಾಳ.
ಮೊಳೆ ತೂಗುವ ತಕ್ಕಡಿಯಲ್ಲೇ ಮೀನನ್ನಿಟ್ಟ.
ಹದಿನೆಂಟು ಗ್ರಾಂ.
'ಕೋಲು ಯಾವುದು ಅಂತ ನನ್ನನ್ನಲ್ಲ, ಇದನ್ನು ಕೇಳು.'

ನನ್ನ ಕಣ್ಣು ಆಗಲೇ ಕಪ್ಪು ಕೋಲಿನ ಮೇಲೆ.
ಕಾರ್ಬನ್ನು, ಗರಿಯಷ್ಟು ಹಗುರ, ಸೂಜಿಯಂಥ ತುದಿ,
ಬೀಸಿದರೆ ಗಾಳಿ ಸಿಳ್ಳೆ ಹಾಕುತ್ತದೆ.
ನಾಲ್ಕು ಸಾವಿರದ ಇನ್ನೂರು. ಕೈ ಬಿಡಲು ಮನಸ್ಸಿಲ್ಲ.
'ಇಡು ಅಲ್ಲಿ,' ಅಂದ ಇನಾಸ್ ಬಾಬ.
'ತಳದ ಮೀನಿಗೆ ಸರಿ. ನೀರ ಮೇಲಿನ ಆಟಕ್ಕೆ
ಇದು ಬೇಕಾದ್ದಕ್ಕಿಂತ ಜಾಣ. ನಿನಗಿಂತ ಮೊದಲೇ ಓಡುತ್ತದೆ.'

ಅಟ್ಟದಿಂದ ಇಳಿಸಿದ್ದು ಪಾಚಿ ಬಣ್ಣದ್ದು,
ಆರೂವರೆ ಅಡಿ, ಮೈಯೆಲ್ಲ ಧೂಳು.
ಬುಡ ಗಟ್ಟಿ. ಆದರೆ ತುದಿಯಿಂದ ನಡುವಿನವರೆಗೂ
ಒಲ್ಲೆ ಅನ್ನಲಾರದವನಂತೆ ಬಾಗುತ್ತದೆ.
ಮುದುಕರ ಕೋಲೇನು ಇದು, ಅಂದೆ.
ಐವತ್ತೆಂಟು ದಾಟಿದವನು ಹಾಗೆ ಕೇಳಬಾರದು ಅಂತ ಅವನು ನಕ್ಕ.
'ತುದಿ ಕೆಳಗಿಟ್ಟು ಕುಣಿಸಬೇಕು. ಉದ್ದ ಆದರೆ ನೀರಿಗೆ ಬಡಿಯುತ್ತದೆ.
ಕಣ್ಣು ಮುಚ್ಚು.'

ಮುಚ್ಚಿದೆ. ಅವನು ತುದಿ ಹಿಡಿದು ಬಾಗಿಲ ಹತ್ತಿರ ಹೋದ.
'ತೂಕ ಬಂದಾಗ ಹೇಳು.'
ಈಗ, ಅಂದೆ.
'ಅದು ಕಲ್ಲಿದ್ದಲಿನ ಲಾರಿ.'
ಈಗ?
'ಅದು ನಿನ್ನ ಎದೆ.'
ಆಮೇಲೆ ಬಂತು,
ಅಂಗೈಗಲ್ಲ, ಮೊಣಕೈಗೆ,
ಯಾರೋ ಬಂದು ಹಾಸಿಗೆಯ ಅಂಚಿಗೆ ಕೂತ ಹಾಗೆ.

ಇದು ನನಗೆ ಗೊತ್ತಿದ್ದದ್ದೇ.
ಮುರಗಾಂವ ಬಂದರಿನಲ್ಲಿ ಇಪ್ಪತ್ತಾರು ವರ್ಷ ಕ್ರೇನು ನಡೆಸಿದವನು.
ತೂಕದ ಮುಳ್ಳು ಕೆಟ್ಟ ದಿನ
ಸೀಟಿನಡಿಯ ನಡುಕ ಹೇಳುವವರೆಗೆ ಎತ್ತುತ್ತಿರಲಿಲ್ಲ.
ಕೆಳಗೆ ನಿಂತವರು ಎಷ್ಟೇ ಕೂಗಲಿ, ಎತ್ತುತ್ತಿರಲಿಲ್ಲ.
ಆ ಕೈ ಎಲ್ಲಿ ಹೋಯಿತು, ಬರೀ ಸದ್ದಿಗೆ ಹೆದರಿ?

'ಚೊಣಕ್ ಬರುವುದು ಕದ ಬಡಿದ ಹಾಗೆ,' ಅಂದ,
ಹೊಸ ಕೊಕ್ಕೆ ಸಿಕ್ಕಿಸುತ್ತ, ಹಲ್ಲಿನಲ್ಲಿ ಬಳೆಯೊಂದನ್ನು ಕಚ್ಚಿಕೊಂಡು.
'ಬಾಯಿ ಮುಚ್ಚಲು ಅದಕ್ಕೂ ಹೊತ್ತು ಬೇಕಲ್ಲ.
ನೀನು ಗಾಬರಿಯಾಗುತ್ತೀಯ. ಕೋಲು ಆಗಬಾರದು.'
ಎರಡು ಸಾವಿರದ ಒಂಬೈನೂರು. ಕೊಕ್ಕೆಗೆ ಬೇರೆ ಅರವತ್ತು.

ಬಸ್ಸಿನ ಕಂಡಕ್ಟರು ಅದಕ್ಕೂ ಅರ್ಧ ಟಿಕೆಟ್ಟು ಹರಿಯಲು ನೋಡಿದ.

ನೀಲವ್ವ ಕೋಲನ್ನು ಗೋಡೆಗೆ ಒರಗಿಸಿ ನೋಡಿದಳು.
'ಮೂರ್ ಸಾವಿರ ಕೊಟ್ಟು ತಡಾ ಮಾಡೂದು ಕಲೀತೀರೇನ್ರಿ?
ಪುಕ್ಕಟ ಮಾಡ್ತಿದ್ರೆಲ್ಲಾ ಇಷ್ಟ್ ವರ್ಷ!'
ಆಮೇಲೆ ಮರದ ಮೀನನ್ನು ಬೆಳಕಿಗೆ ಹಿಡಿದು,
'ಕುಡ್ಡ ಐತಲ್ಲಾ ಇದು' ಅಂತ
ತನ್ನ ಹಣೆಯ ಕರೀ ಟಿಕಳಿ ಕಿತ್ತು
ಕಣ್ಣಿನ ಜಾಗಕ್ಕೆ ಅಂಟಿಸಿದಳು.

ಶನಿವಾರ, ಉಬ್ಬರ ತಿರುಗುವ ಹೊತ್ತು.
ಮಾನಸಿನ ಹಲಗೆಗಳ ನಡುವಿನಿಂದ ನೀರು ಜಿನುಗುತ್ತಿತ್ತು.
ಎಸೆದೆ. ಬಳುಕ್. ಬಳುಕ್. ನಿಲ್ಲಿಸಿದೆ.
ಜೂವಾರಿಯ ಸೇತುವೆಯ ದೀಪ ಒಂದೊಂದೇ ಹತ್ತಿಕೊಳ್ಳುತ್ತಿದ್ದವು.
ಬಳುಕ್.

ಕದ ಬಡಿಯಿತು.

ಎದೆ ಹಾರಿತು. ಕೈ ಹಾರಲಿಲ್ಲ.
ಮೊಣಕೈಗೆ ಯಾರೂ ಬಂದು ಕೂರಲೂ ಇಲ್ಲ.
ಅಲೆ ಅಗಲವಾಗಿ, ತೆಳುವಾಗಿ, ದಡದ ಕೆಸರಿಗೆ ಮುಟ್ಟಿತು.
ಅದರ ನಡುವೆ ನನ್ನ ಮರದ ಮೀನು
ಏನೂ ಆಗದಂತೆ ತೇಲುತ್ತಿತ್ತು.

ಸುತ್ತಿಕೊಂಡೆ, ಟಾರ್ಚು ಹಿಡಿದೆ.
ಬಿಳಿ ಮೈಮೇಲೆ ಮರಳುಕಾಗದ ಉಜ್ಜಿದಂಥ ಗೀರು.
ಟಿಕಳಿ ಇರಲಿಲ್ಲ.